ಎಂಪೈರ್ ಸ್ಟೇಟ್ ಸೌಧ: ಕಟ್ಟುಪಾಡುಗಳಿಂದ ಮೂಡಿದ ಎತ್ತರ

೧

ಗಗನಚುಂಬಿ ಸೌಧಗಳನ್ನು ಕುರಿತ ಬರಹಗಳಲ್ಲಿ ಅಂಕಿಸಂಖ್ಯೆಗಳಿಗೆ ದೊರೆತಷ್ಟು ಪ್ರಾಶಸ್ತ್ಯ ಕಾರಣಗಳಿಗೆ ದೊರೆತಿಲ್ಲ. ಇಂತಿಷ್ಟು ಅಡಿ ಎತ್ತರ, ಇಂತಿಷ್ಟು ಅಂತಸ್ತು, ಇಂತಿಷ್ಟು ಕಿಟಕಿ ಎಂಬ ವಿವರಗಳನ್ನು ಓದಿ ಬೆರಗಾಗುವ ವಾಚಕನು, ಆ ಕಟ್ಟಡವು ಬೇರೆ ಯಾವ ಆಕಾರವನ್ನೂ ತಳೆಯದೆ ಇದನ್ನೇ ತಳೆದುದೇಕೆಂದು ಕೇಳುವುದು ಅಪರೂಪ. ನ್ಯೂಯಾರ್ಕ್ ನಗರದ ಎಂಪೈರ್ ಸ್ಟೇಟ್ ಸೌಧಕ್ಕೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ೧೯೩೧ರಿಂದ ೧೯೭೦ರವರೆಗೆ ಜಗತ್ತಿನ ಅತ್ಯಂತ ಎತ್ತರದ ಕಟ್ಟಡವೆಂಬ ಕೀರ್ತಿಯನ್ನು ಅದು ಹೊತ್ತಿದ್ದಿತು. ಆ ಕೀರ್ತಿಯ ಬೆಳಕಿನಲ್ಲಿ ಅದರ ರೂಪದ ಇತಿಹಾಸ ಬಹುಮಟ್ಟಿಗೆ ಮರೆಯಾಗಿದೆ.

ಈ ಸೌಧವನ್ನು ಕೆಲವರು ಧನಿಕರ ಮಹತ್ವಾಕಾಂಕ್ಷೆಯ ಫಲವೆಂದು ವರ್ಣಿಸುವುದುಂಟು. ಮಹತ್ವಾಕಾಂಕ್ಷೆ ಇದ್ದಿತೆಂಬುದು ನಿಜ. ಆದರೆ ಆಕಾಂಕ್ಷೆಯೊಂದರಿಂದಲೇ ರೂಪ ಸಿದ್ಧಿಸುವುದಿಲ್ಲ. ನಗರದ ಶಾಸನ, ಹೂಡಿದ ಹಣದ ಲೆಕ್ಕ, ಬಾಡಿಗೆದಾರನ ಬೆಳಕಿನ ಅಗತ್ಯ, ಮುಗಿಸಬೇಕಾದ ದಿನಾಂಕ, ಈ ನಾಲ್ಕು ಕಟ್ಟುಪಾಡುಗಳು ಸೇರಿ ಈ ಕಟ್ಟಡವನ್ನು ರೂಪಿಸಿದವೆಂಬುದನ್ನು ತೋರಿಸುವುದೂ, ಕಟ್ಟುಪಾಡನ್ನು ಮೀರಿ ಸೇರಿಸಿದ ಒಂದು ಭಾಗದ ಗತಿಯನ್ನು ವಿಚಾರಿಸುವುದೂ ಪ್ರಸ್ತುತ ಲೇಖನದ ಉದ್ದೇಶ.

೨

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದವರೆಗೆ ಎತ್ತರದ ಕಟ್ಟಡವೆಂದರೆ ದಪ್ಪ ಗೋಡೆಯ ಕಟ್ಟಡವೆಂದೇ ಅರ್ಥ. ಮೇಲಿನ ಅಂತಸ್ತುಗಳ ಭಾರವನ್ನೆಲ್ಲ ಕೆಳಗಿನ ಗೋಡೆಯೇ ಹೊರಬೇಕಾದುದರಿಂದ, ಎತ್ತರ ಹೆಚ್ಚಿದಂತೆಲ್ಲ ಬುಡದ ಗೋಡೆಯ ದಪ್ಪವೂ ಹೆಚ್ಚಬೇಕಾಗುತ್ತಿತ್ತು. ಷಿಕಾಗೋ ನಗರದಲ್ಲಿ ೧೮೯೧ರಲ್ಲಿ ಮುಗಿದ ಮೊನಾಡ್‌ನಾಕ್ ಕಟ್ಟಡದ ಉತ್ತರ ಭಾಗ ಈ ಪದ್ಧತಿಯ ಕೊನೆಯ ದೊಡ್ಡ ನಿದರ್ಶನಗಳಲ್ಲೊಂದು. ಅದರ ಹದಿನಾರು ಅಂತಸ್ತುಗಳನ್ನು ಹೊರಲು ತಳದಲ್ಲಿ ಸುಮಾರು ೬ ಅಡಿ ದಪ್ಪದ ಇಟ್ಟಿಗೆಯ ಗೋಡೆ ಬೇಕಾಯಿತು. ಬೀದಿಯ ಪಕ್ಕದ, ಅತ್ಯಂತ ಹೆಚ್ಚು ಬಾಡಿಗೆ ತರಬಲ್ಲ ಸ್ಥಳವನ್ನು ಗೋಡೆಯೇ ನುಂಗಿದರೆ ಎತ್ತರದಿಂದ ಲಾಭವೇನು? ಇದಕ್ಕೂ ಮೊದಲೇ, ೧೮೮೫ರಲ್ಲಿ, ಅದೇ ನಗರದಲ್ಲಿ ವಿಲಿಯಂ ಲ ಬ್ಯಾರನ್ ಜೆನ್ನಿ ಎಂಬ ಎಂಜಿನಿಯರು ಹತ್ತು ಅಂತಸ್ತುಗಳ ಹೋಮ್ ಇನ್ಷೂರೆನ್ಸ್ ಕಟ್ಟಡದಲ್ಲಿ ಭಾರದ ಬಹುಭಾಗವನ್ನು ಲೋಹದ ಕಂಬ ತೊಲೆಗಳ ಹಂದರದ ಮೇಲೆ ಹೊರಿಸಿದ್ದನು. ಇದೇ ಮೊದಲನೆಯ ಗಗನಚುಂಬಿಯೇ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಮುಂದಿನ ದಾರಿ ಹಂದರದ್ದೇ ಎಂಬುದರಲ್ಲಿ ಇಲ್ಲ. ಹಂದರ ಬಂದ ಮೇಲೆ ಗೋಡೆಯು ಭಾರ ಹೊರುವ ಕೆಲಸದಿಂದ ಬಿಡುಗಡೆ ಹೊಂದಿ, ಗಾಳಿ ಮಳೆಗಳನ್ನು ತಡೆಯುವ ಹೊದಿಕೆ ಮಾತ್ರವಾಯಿತು. ಹಗ್ಗ ಹರಿದರೂ ಬೀಳದ ಲಿಫ್ಟನ್ನು ಎಲಿಷಾ ಓಟಿಸ್ ಎಂಬಾತ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ೧೮೫೪ರಲ್ಲಿಯೇ ತೋರಿಸಿದ್ದನು. ಹೀಗೆ ಎತ್ತರಕ್ಕಿದ್ದ ಎರಡು ಭೌತಿಕ ಅಡ್ಡಿಗಳು ಶತಮಾನದ ಕೊನೆಯ ಹೊತ್ತಿಗೆ ತೊಲಗಿದವು.

ಆಗ ಮೂರನೆಯದೊಂದು ಅಡ್ಡಿ ಹುಟ್ಟಿಕೊಂಡಿತು. ಅದು ನೆರೆಹೊರೆಯ ಹಕ್ಕು. ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯಲ್ಲಿ ೧೯೧೫ರಲ್ಲಿ ಮುಗಿದ ಈಕ್ವಿಟಬಲ್ ಕಟ್ಟಡ ತನ್ನ ನಿವೇಶನದ ಅಂಚಿನಿಂದಲೇ ೩೮ ಅಂತಸ್ತುಗಳಷ್ಟು ನೆಟ್ಟಗೆ ಎದ್ದು, ಸುತ್ತಲ ಬೀದಿಗಳ ಮೇಲೆ ಕತ್ತಲೆಯನ್ನು ಕವಿಸಿತು. ಜನರ ಅಸಮಾಧಾನಕ್ಕೆ ಅದು ಉದಾಹರಣೆಯಾಗಿ ಒದಗಿತು. ಮರುವರ್ಷವೇ ನಗರವು ಒಂದು ವಲಯ ಶಾಸನವನ್ನು ಜಾರಿಗೆ ತಂದಿತು. ೧೯೧೬ರ ಈ ಶಾಸನದ ಪ್ರಕಾರ, ಕಟ್ಟಡವು ಬೀದಿಯ ಅಗಲಕ್ಕೆ ತಕ್ಕಷ್ಟು ಎತ್ತರದವರೆಗೆ ಮಾತ್ರ ನೆಟ್ಟಗೆ ಏರಬಹುದು. ಅಲ್ಲಿಂದ ಮೇಲೆ ಏರಿದಂತೆಲ್ಲ ಹಿಂದಕ್ಕೆ ಸರಿಯಬೇಕು. ಆದರೆ ನಿವೇಶನದ ನಾಲ್ಕನೆಯ ಒಂದು ಭಾಗದ ಮೇಲೆ ಎಷ್ಟೇ ಎತ್ತರದ ಗೋಪುರವನ್ನಾದರೂ ಎತ್ತಬಹುದು. ಮುಂದಿನ ಹಲವು ದಶಕಗಳ ಕಾಲ ನ್ಯೂಯಾರ್ಕಿನ ಕಟ್ಟಡಗಳು ಮೆಟ್ಟಿಲುಮೆಟ್ಟಿಲಾಗಿ ಕಿರಿದಾಗುತ್ತ ಏರಿದುದಕ್ಕೆ ವಾಸ್ತುಶಿಲ್ಪಿಗಳ ಅಭಿರುಚಿಗಿಂತ ಈ ಶಾಸನವೇ ಮುಖ್ಯ ಕಾರಣ. ಈ ಶಾಸನದಡಿಯಲ್ಲಿ ಗೋಪುರಕ್ಕೆ ಸಾಕಷ್ಟು ನೆಲ ಒದಗಬೇಕಾದರೆ ನಿವೇಶನವೇ ವಿಶಾಲವಾಗಿರಬೇಕು. ಎಂಪೈರ್ ಸ್ಟೇಟ್ ಸೌಧದ ಕಥೆ ಅಂತಹ ಒಂದು ನಿವೇಶನದಿಂದ ಆರಂಭವಾಗುತ್ತದೆ.

೩

ಫಿಫ್ತ್ ಅವೆನ್ಯೂ ಎಂಬ ಹಿರಿಯ ಬೀದಿಯಲ್ಲಿ, ೩೩ನೆಯ ಮತ್ತು ೩೪ನೆಯ ಬೀದಿಗಳ ನಡುವೆ ಇರುವ ಸುಮಾರು ಎರಡು ಎಕರೆಯ ಈ ನೆಲವನ್ನು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಆಸ್ಟರ್ ಮನೆತನದವರು ಕೊಂಡರು. ಆ ಮನೆತನದ ನಿವಾಸಗಳಿದ್ದ ಸ್ಥಳದಲ್ಲಿ ೧೮೯೩ರಲ್ಲಿ ವಾಲ್ಡಾರ್ಫ್ ಹೋಟೆಲೂ ೧೮೯೭ರಲ್ಲಿ ಆಸ್ಟೋರಿಯ ಹೋಟೆಲೂ ಎದ್ದು, ಎರಡೂ ಸೇರಿ ನಗರದ ಧನಿಕ ಸಮಾಜದ ಕೇಂದ್ರವಾದವು. ನಗರದ ವೈಭವ ಉತ್ತರದತ್ತ ಸರಿದಂತೆ ಹೋಟೆಲಿನ ಕಳೆ ಕುಂದಿತು. ೧೯೨೯ರಲ್ಲಿ ಅದು ಬಾಗಿಲು ಮುಚ್ಚಿತು.

ನಿವೇಶನವನ್ನು ವಶಪಡಿಸಿಕೊಂಡ ಸಂಸ್ಥೆಯ ಹಿಂದಿದ್ದ ಮುಖ್ಯ ವ್ಯಕ್ತಿ ಜಾನ್ ಜೆ. ರಾಸ್ಕಾಬ್. ಜನರಲ್ ಮೋಟಾರ್ಸ್ ಸಂಸ್ಥೆಯ ಹಣಕಾಸು ವ್ಯವಹಾರಗಳಲ್ಲಿ ಹೆಸರು ಮಾಡಿದ್ದ ಈತ, ೧೯೨೮ರ ಅಧ್ಯಕ್ಷ ಚುನಾವಣೆಯಲ್ಲಿ ಡೆಮೊಕ್ರಾಟಿಕ್ ಪಕ್ಷದ ಅಭ್ಯರ್ಥಿ ಆಲ್ಫ್ರೆಡ್ ಇ. ಸ್ಮಿತ್‌ನ ಪ್ರಚಾರವನ್ನು ನಡೆಸಿದ್ದವನು. ಸ್ಮಿತ್ ನ್ಯೂಯಾರ್ಕ್ ಸಂಸ್ಥಾನದ ಗವರ್ನರ್ ಪದವಿಗೆ ನಾಲ್ಕು ಬಾರಿ ಆಯ್ಕೆಯಾಗಿದ್ದ ಜನಪ್ರಿಯ ನಾಯಕ. ಚುನಾವಣೆಯಲ್ಲಿ ಹರ್ಬರ್ಟ್ ಹೂವರ್‌ಗೆ ಸೋತ ಮೇಲೆ ಆತ ಈ ಸಂಸ್ಥೆಯ ಅಧ್ಯಕ್ಷನಾದನು. ೧೯೨೯ರ ಆಗಸ್ಟ್ ತಿಂಗಳಿನಲ್ಲಿ ಯೋಜನೆಯನ್ನು ಸಾರ್ವಜನಿಕರಿಗೆ ಪ್ರಕಟಿಸಿದವನೂ ಆತನೇ. ನ್ಯೂಯಾರ್ಕ್ ಸಂಸ್ಥಾನಕ್ಕೆ ರೂಢಿಯಲ್ಲಿದ್ದ ‘ಎಂಪೈರ್ ಸ್ಟೇಟ್’ ಎಂಬ ಬಿರುದೇ ಕಟ್ಟಡದ ಹೆಸರಾಯಿತು.

ಹಳೆಯ ಹೋಟೆಲನ್ನು ಕೆಡಹುವ ಕೆಲಸ ಆರಂಭವಾದ ಅಕ್ಟೋಬರ್ ತಿಂಗಳಿನಲ್ಲಿಯೇ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಇಂತಹ ಹೊತ್ತಿನಲ್ಲಿ ಯೋಜನೆಯನ್ನು ಕೈಬಿಡುವುದೇ ವಿವೇಕವೆಂದು ನಮಗೆ ಇಂದು ತೋರಬಹುದು. ಆದರೆ ನೆಲಕ್ಕೆ ಹಾಕಿದ ಹಣದ ಬಡ್ಡಿ ದಿನದಿನಕ್ಕೂ ಬೆಳೆಯುತ್ತಿತ್ತು. ಕಟ್ಟದೆ ಬಿಟ್ಟ ನೆಲ ಒಂದು ಕಾಸನ್ನೂ ದುಡಿಯಲಾರದು. ಮೆಟ್ರೊಪಾಲಿಟನ್ ಜೀವವಿಮಾ ಸಂಸ್ಥೆಯಿಂದ ೨ ಕೋಟಿ ೭೫ ಲಕ್ಷ ಡಾಲರ್ ಸಾಲ ದೊರೆಯಿತು. ಸಾಲದ ಕಟ್ಟಡಕ್ಕೆ ಕಾಲವೇ ಮೊದಲ ಶತ್ರು. ಮುಂದಿನ ಪ್ರತಿಯೊಂದು ನಿರ್ಧಾರದಲ್ಲಿಯೂ ಈ ಸಂಗತಿ ಪ್ರತಿಫಲಿಸಿರುವುದನ್ನು ಕಾಣಬಹುದು.

೪

ಕಟ್ಟಡದ ವಾಸ್ತುಶಿಲ್ಪಿಗಳು ಷ್ರೀವ್, ಲ್ಯಾಮ್ ಮತ್ತು ಹಾರ್ಮನ್ ಎಂಬ ಸಂಸ್ಥೆಯವರು. ವಿನ್ಯಾಸದ ಹೊಣೆ ಹೊತ್ತವನು ವಿಲಿಯಂ ಎಫ್. ಲ್ಯಾಮ್. ತನ್ನ ಮುಂದಿಡಲಾದ ಷರತ್ತುಗಳನ್ನು ಅವನೇ ೧೯೩೧ರಲ್ಲಿ ಪ್ರಕಟವಾದ ಒಂದು ಲೇಖನದಲ್ಲಿ ದಾಖಲೆಮಾಡಿರುವುದು ಇತಿಹಾಸಕಾರರಿಗೆ ದೊರೆತ ಭಾಗ್ಯ. ಅವುಗಳ ಸಾರ ಇಷ್ಟು: ಆಯವ್ಯಯದ ಮೊತ್ತ ನಿಶ್ಚಿತ, ಕಿಟಕಿಯಿಂದ ಒಳಗಿನ ಓಣಿಯವರೆಗೆ ಯಾವ ಕೊಠಡಿಯೂ ೨೮ ಅಡಿಗಿಂತ ಆಳವಾಗಿರಕೂಡದು, ಇಂತಹ ಅಂತಸ್ತುಗಳು ಸಾಧ್ಯವಾದಷ್ಟು ಹೆಚ್ಚಾಗಿರಬೇಕು, ಹೊರಮೈ ಸುಣ್ಣಕಲ್ಲಿನದಾಗಿರಬೇಕು, ೧೯೩೧ರ ಮೇ ೧ರಂದು ಕೆಲಸ ಮುಗಿದಿರಬೇಕು. ಮೊದಲ ರೇಖಾಚಿತ್ರದಿಂದ ಲೆಕ್ಕಹಾಕಿದರೆ ದೊರೆತ ಅವಧಿ ಸುಮಾರು ಒಂದೂವರೆ ವರ್ಷ.

ಈ ಷರತ್ತುಗಳಲ್ಲಿ ಸೌಂದರ್ಯದ ಮಾತೇ ಇಲ್ಲದಿರುವುದನ್ನು ಗಮನಿಸಬೇಕು. ೨೮ ಅಡಿಯ ನಿಯಮದ ಮೂಲ ಹಗಲು ಬೆಳಕಿನಲ್ಲಿದೆ. ಆ ಕಾಲದಲ್ಲಿ ಕಿಟಕಿಯಿಂದ ದೂರವಾದ ಕೊಠಡಿಗೆ ಒಳ್ಳೆಯ ಬಾಡಿಗೆ ಬರುತ್ತಿರಲಿಲ್ಲ. ಆದುದರಿಂದ ಲಿಫ್ಟುಗಳು, ಮೆಟ್ಟಿಲುಗಳು, ಕೊಳವೆಗಳು ಎಲ್ಲವನ್ನೂ ಮಧ್ಯದಲ್ಲಿ ಒಟ್ಟುಗೂಡಿಸಿ, ಅವುಗಳ ಸುತ್ತ ಓಣಿಯನ್ನೂ ಓಣಿಯ ಸುತ್ತ ಕೊಠಡಿಗಳನ್ನೂ ಹೂಡಲಾಯಿತು. ಅರುವತ್ತಕ್ಕೂ ಹೆಚ್ಚು ಲಿಫ್ಟುಗಳು ಬೇಕಾದ ಕಟ್ಟಡದಲ್ಲಿ ಎಲ್ಲವೂ ತುದಿಯವರೆಗೆ ಏರಬೇಕಾಗಿಲ್ಲ. ಕೆಳ ಅಂತಸ್ತುಗಳಿಗೆ ಸಲ್ಲುವ ಲಿಫ್ಟುಗಳು ಅಲ್ಲಿಯೇ ನಿಂತುಬಿಡುತ್ತವೆ. ಹೀಗೆ ಒಂದೊಂದು ಗುಂಪು ಲಿಫ್ಟುಗಳು ನಿಂತಾಗಲೂ ಮಧ್ಯದ ತಿರುಳು ಕಿರಿದಾಗುತ್ತದೆ. ತಿರುಳು ಕಿರಿದಾದಾಗ ಹೊರಗೋಡೆಯೂ ಒಳಕ್ಕೆ ಸರಿಯದಿದ್ದರೆ ಕೊಠಡಿಯ ಆಳ ೨೮ ಅಡಿಯನ್ನು ಮೀರುತ್ತದೆ. ಆದುದರಿಂದ ಒಳಗಣ ಲಿಫ್ಟುಗಳು ಕಡಮೆಯಾದಲ್ಲಿ ಹೊರಗೋಡೆಯೂ ಹಿಂದೆ ಸರಿಯಿತು. ದೂರದಿಂದ ನೋಡುವವನಿಗೆ ಶಿಲ್ಪಿಯ ಕೈಚಳಕವೆಂದು ತೋರುವ ಆ ಮೆಟ್ಟಿಲುಗಳು, ಒಳಗಿನ ಲೆಕ್ಕಾಚಾರವು ಹೊರಮೈಯಲ್ಲಿ ಮೂಡಿಸಿದ ಗುರುತುಗಳು.

ಶಾಸನದ ವಿಷಯದಲ್ಲಿಯೂ ಲ್ಯಾಮ್ ತೋರಿದ ವಿವೇಚನೆ ಉಲ್ಲೇಖಾರ್ಹ. ಶಾಸನ ಅನುಮತಿಸಿದಷ್ಟನ್ನೂ ಕಬಳಿಸಿ ಹಲವು ಸಣ್ಣ ಮೆಟ್ಟಿಲುಗಳಲ್ಲಿ ಏರುವ ಬದಲು, ಆತನು ಐದು ಅಂತಸ್ತುಗಳ ಅಗಲವಾದ ಪೀಠವನ್ನು ಮಾಡಿ, ಅದರ ಮೇಲೆ ಒಮ್ಮೆಗೇ ಬಹಳ ಹಿಂದಕ್ಕೆ ಸರಿದು ಗೋಪುರವನ್ನು ಎತ್ತಿದನು. ಕೆಳ ಅಂತಸ್ತುಗಳಲ್ಲಿ ಸ್ವಲ್ಪ ಸ್ಥಳ ನಷ್ಟವಾಯಿತು. ಆದರೆ ಮೇಲಿನ ಕೊಠಡಿಗಳಿಗೆಲ್ಲ ಬೀದಿಯ ಗದ್ದಲದಿಂದ ದೂರವೂ ಯಥೇಚ್ಛವಾದ ಬೆಳಕೂ ದೊರೆತವು. ಬೀದಿಯಲ್ಲಿ ನಡೆಯುವವನಿಗೆ ಎದುರಾಗುವುದು ಐದಂತಸ್ತಿನ ಪೀಠ ಮಾತ್ರ. ಅಷ್ಟು ದೊಡ್ಡ ಗೋಪುರ ಅವನ ತಲೆಯ ಮೇಲೆ ಬಾಗಿದಂತೆ ತೋರುವುದಿಲ್ಲ.

ಹೊರಮೈಯ ಕಥೆಯೂ ಇದೇ ಬಗೆಯದು. ಸಾಮಾನ್ಯವಾಗಿ ಕಲ್ಲಿನ ಗೋಡೆಯಲ್ಲಿ ಕಿಟಕಿಯನ್ನು ಒಳಸರಿಸಿ ಕೂರಿಸಬೇಕಾದರೆ, ಅದರ ಸುತ್ತಲ ಕಲ್ಲಿನ ಅಂಚುಗಳನ್ನೆಲ್ಲ ನಯವಾಗಿ ಕಡೆದು ಹೊಂದಿಸಬೇಕು. ಇದಕ್ಕೆ ಕುಶಲ ಕಲ್ಲುಕುಟಿಗರೂ ಕಾಲವೂ ಬೇಕು. ಲ್ಯಾಮ್ ಕಿಟಕಿಗಳನ್ನು ಗೋಡೆಯ ಹೊರಮೈಗೆ ಸಮನಾಗಿ ನಿಲ್ಲಿಸಿ, ಮೇಲಿನ ಕಿಟಕಿಗೂ ಕೆಳಗಿನ ಕಿಟಕಿಗೂ ನಡುವೆ ಅಲ್ಯೂಮಿನಿಯಂ ಹಲಗೆಗಳನ್ನು ಇರಿಸಿ, ಕಲ್ಲು ಮತ್ತು ಲೋಹ ಸೇರುವ ಅಂಚನ್ನು ತುಕ್ಕುಹಿಡಿಯದ ಉಕ್ಕಿನ ಉದ್ದಪಟ್ಟಿಗಳಿಂದ ಮುಚ್ಚಿದನು. ಅಂಚು ಮರೆಯಾದ ಮೇಲೆ ಅದನ್ನು ನಯಗೊಳಿಸುವ ಅಗತ್ಯವೇ ಉಳಿಯಲಿಲ್ಲ. ಬುಡದಿಂದ ತುದಿಯವರೆಗೆ ಎಡೆಬಿಡದೆ ಏರಿ, ಬಿಸಿಲಿನಲ್ಲಿ ಹೊಳೆಯುವ ಆ ಪಟ್ಟಿಗಳೇ ಇಂದು ಸೌಧದ ಮುಖಲಕ್ಷಣ. ದಿನಗಳನ್ನು ಉಳಿಸಲು ಹೂಡಿದ ಉಪಾಯ ಹೀಗೆ ಅಲಂಕಾರವಾಗಿ ಪರಿಣಮಿಸಿತು. ಪ್ರವೇಶದ ಹಜಾರದಲ್ಲಿ ಮಾತ್ರ ಅಮೃತಶಿಲೆಗೂ ಲೋಹದ ಚಿತ್ತಾರಗಳಿಗೂ ಧಾರಾಳವಾಗಿ ಎಡೆ ದೊರೆತಿದೆ. ಆಗ ಪ್ರಚಲಿತವಾಗಿದ್ದ ‘ಆರ್ಟ್ ಡೆಕೊ’ ಶೈಲಿ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

೫

ನಿರ್ಮಾಣದ ಗುತ್ತಿಗೆಯನ್ನು ಸ್ಟಾರೆಟ್ ಸಹೋದರರು ಮತ್ತು ಈಕೆನ್ ಸಂಸ್ಥೆಯವರು ವಹಿಸಿಕೊಂಡರು. ಉಕ್ಕಿನ ಹಂದರವನ್ನು ರಚಿಸಿದ ಎಂಜಿನಿಯರು ಎಚ್. ಜಿ. ಬಾಲ್‌ಕಮ್. ೧೯೩೦ರ ಜನವರಿಯಲ್ಲಿ ತಳಹದಿಯ ಅಗೆತ ಆರಂಭವಾಯಿತು. ಕಟ್ಟುವ ಕೆಲಸ ಮಾರ್ಚ್ ೧೭ರಂದು ಮೊದಲಾಯಿತು. ಅಂದಿನಿಂದ ಉದ್ಘಾಟನೆಯವರೆಗೆ ಕಳೆದುದು ೪೧೦ ದಿನಗಳು. ಸರಾಸರಿಯಲ್ಲಿ ವಾರಕ್ಕೆ ನಾಲ್ಕೂವರೆ ಅಂತಸ್ತಿನಂತೆ ಹಂದರ ಮೇಲೇರಿತು. ಸುಮಾರು ೫೭,೦೦೦ ಟನ್ ಉಕ್ಕು ಹಾಗೂ ಒಂದು ಕೋಟಿ ಇಟ್ಟಿಗೆಗಳು ಇದಕ್ಕೆ ಬೇಕಾದವು.

ಈ ವೇಗದ ಗುಟ್ಟು ಸಾಮಗ್ರಿಯ ಸಾಗಣೆಯಲ್ಲಿದ್ದಿತು. ನಗರದ ನಡುವೆ, ಜನನಿಬಿಡ ಬೀದಿಗಳ ಪಕ್ಕದಲ್ಲಿ, ಸಾಮಾನನ್ನು ರಾಶಿಹಾಕಲು ಸ್ಥಳವಿರಲಿಲ್ಲ. ಆದುದರಿಂದ ಪ್ರತಿಯೊಂದು ತೊಲೆಯೂ ತಾನು ಸೇರಬೇಕಾದ ಸ್ಥಳದ ಗುರುತನ್ನು ಹೊತ್ತು, ಬೇಕಾದ ಹೊತ್ತಿಗೆ ಬಂದು, ಬಂದೊಡನೆ ಮೇಲೇರಬೇಕಾಗಿದ್ದಿತು. ಇಟ್ಟಿಗೆಗಳನ್ನು ಲಾರಿಯಿಂದ ನೇರವಾಗಿ ನೆಲಮಾಳಿಗೆಯ ತೊಟ್ಟಿಗಳಿಗೆ ಜಾರಿಸಿ, ಅಲ್ಲಿಂದ ಪುಟ್ಟ ಗಾಡಿಗಳಲ್ಲಿ ತುಂಬಿ ಮೇಲಕ್ಕೆ ಎತ್ತಲಾಗುತ್ತಿತ್ತು. ಅಂತಸ್ತುಗಳಲ್ಲಿ ಹಾಸಿದ್ದ ತಾತ್ಕಾಲಿಕ ಕಂಬಿಗಳ ಮೇಲೆ ಈ ಗಾಡಿಗಳು ಉರುಳಿ ಕೆಲಸಗಾರನ ಕೈಯ ಬಳಿಗೇ ಬರುತ್ತಿದ್ದವು. ಊಟಕ್ಕಾಗಿ ಕೆಲಸಗಾರರು ಕೆಳಗಿಳಿದು ಹೊತ್ತು ಕಳೆಯದಂತೆ ಮೇಲಿನ ಅಂತಸ್ತುಗಳಲ್ಲಿಯೇ ಊಟದ ಅಂಗಡಿಗಳನ್ನು ತೆರೆಯಲಾಗಿತ್ತು.

ಆದರೆ ಲೆಕ್ಕಾಚಾರದ ತುದಿಯಲ್ಲಿ ನಿಂತಿದ್ದವನು ಮನುಷ್ಯ. ರಿವೆಟ್ ಹೊಡೆಯುವ ತಂಡದಲ್ಲಿ ನಾಲ್ವರು. ಒಬ್ಬನು ಕುಲುಮೆಯಲ್ಲಿ ರಿವೆಟನ್ನು ಕೆಂಪಗೆ ಕಾಯಿಸಿ ಇಕ್ಕಳದಿಂದ ಎಸೆಯುವನು. ಇನ್ನೊಬ್ಬನು ಅದನ್ನು ತಗಡಿನ ಡಬ್ಬಿಯಲ್ಲಿ ಹಿಡಿದು ರಂಧ್ರದಲ್ಲಿ ತೂರಿಸುವನು. ಮೂರನೆಯವನು ಅದರ ತಲೆಯನ್ನು ಒತ್ತಿ ಹಿಡಿಯುವನು. ನಾಲ್ಕನೆಯವನು ಆಚೆಯ ತುದಿಯನ್ನು ಗಾಳಿಸುತ್ತಿಗೆಯಿಂದ ಬಡಿದು ಮುಚ್ಚುವನು. ಇದೆಲ್ಲವೂ ನೂರಾರು ಅಡಿಗಳ ಎತ್ತರದಲ್ಲಿ, ಒಂದು ತೊಲೆಯ ಅಗಲದ ಮೇಲೆ. ಇವರಲ್ಲಿ ಯೂರೋಪಿನಿಂದ ವಲಸೆ ಬಂದವರು ಬಹುಮಂದಿ. ಮೊಹಾಕ್ ಎಂಬ ಮೂಲನಿವಾಸಿ ಜನಾಂಗದ ಉಕ್ಕುಗೆಲಸದವರೂ ಇದ್ದರು. ೧೯೩೦ರ ಆಗಸ್ಟ್ ತಿಂಗಳ ಒಂದು ದಿನ ನಿವೇಶನದಲ್ಲಿ ದುಡಿಯುತ್ತಿದ್ದವರ ಸಂಖ್ಯೆ ೩,೪೦೦ನ್ನು ಮೀರಿದ್ದಿತು. ಅಧಿಕೃತ ಲೆಕ್ಕದಂತೆ ನಿರ್ಮಾಣಕಾಲದಲ್ಲಿ ಐವರು ಪ್ರಾಣ ತೆತ್ತರು. ಈ ದುಡಿಮೆಗಾರರ ಮುಖಗಳು ಇಂದು ನಮಗೆ ಕಾಣುತ್ತಿದ್ದರೆ ಅದು ಲೂಯಿಸ್ ಹೈನ್ ಎಂಬ ಛಾಯಾಗ್ರಾಹಕನ ಉಪಕಾರ. ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ಚಿತ್ರಗಳನ್ನು ತೆಗೆದು ಅಮೆರಿಕದ ಮನಸ್ಸಾಕ್ಷಿಯನ್ನು ಕಲಕಿದ್ದ ಈತ, ಇಲ್ಲಿ ಕೆಲಸಗಾರರೊಡನೆ ತಾನೂ ತೊಲೆಗಳನ್ನೇರಿದನು. ವಾಸ್ತುಶಿಲ್ಪಿಯ ನಕ್ಷೆ, ಗುತ್ತಿಗೆದಾರನ ಲೆಕ್ಕಪುಸ್ತಕಗಳಷ್ಟೇ ಆ ಚಿತ್ರಗಳೂ ಈ ಸೌಧದ ಆಕರಸಾಮಗ್ರಿಯೆಂದು ಭಾವಿಸಬೇಕು.

೬

ಇದುವರೆಗೆ ಹೇಳಿದ ಯಾವ ಕಾರಣಕ್ಕೂ ಒಳಪಡದ ಒಂದು ಭಾಗ ಕಟ್ಟಡದ ನೆತ್ತಿಯಲ್ಲಿದೆ. ಅದೇ ಕಾಲದಲ್ಲಿ ನಗರದಲ್ಲಿ ಏಳುತ್ತಿದ್ದ ಕ್ರೈಸ್ಲರ್ ಸೌಧ, ಗುಟ್ಟಾಗಿ ಸಿದ್ಧಪಡಿಸಿದ್ದ ಉಕ್ಕಿನ ಶಿಖರವನ್ನು ೧೯೨೯ರ ಅಕ್ಟೋಬರ್‌ನಲ್ಲಿ ನೆತ್ತಿಗೇರಿಸಿ ೧,೦೪೬ ಅಡಿಗಳನ್ನು ಮುಟ್ಟಿತು. ಎಂಪೈರ್ ಸ್ಟೇಟ್ ಸೌಧದ ಮಾಳಿಗೆಗೆ ಗೊತ್ತುಮಾಡಿದ್ದ ಎತ್ತರ ೧,೦೫೦ ಅಡಿ. ಮುನ್ನಡೆ ನಾಲ್ಕೇ ಅಡಿ. ಇದರಿಂದ ರಾಸ್ಕಾಬ್‌ಗೆ ಸಮಾಧಾನವಾಗಲಿಲ್ಲ. ೧೯೨೯ರ ಡಿಸೆಂಬರ್‌ನಲ್ಲಿ, ಅಟ್ಲಾಂಟಿಕ್ ಸಾಗರವನ್ನು ದಾಟಿ ಬರುವ ವಾಯುನೌಕೆಗಳನ್ನು ಕಟ್ಟಲು ೨೦೦ ಅಡಿಗಳ ಸ್ತಂಭವೊಂದನ್ನು ಮಾಳಿಗೆಯ ಮೇಲೆ ನಿಲ್ಲಿಸಲಾಗುವುದೆಂದು ಸ್ಮಿತ್ ಪ್ರಕಟಿಸಿದನು. ಒಟ್ಟು ಎತ್ತರ ೧,೨೫೦ ಅಡಿಗಳಾಯಿತು.

ವಾಯುನೌಕೆಯನ್ನು ಮೂತಿಯೊಂದರಿಂದಲೇ ಕಟ್ಟಿದರೆ ಅದರ ಬಾಲ ಗಾಳಿಗೆ ಸಿಕ್ಕಿ ತೂಗಾಡುವುದೆಂಬುದೂ, ಗಗನಚುಂಬಿಗಳ ನಡುವೆ ಗಾಳಿ ಎಂದೂ ಸುಮ್ಮನಿರದೆಂಬುದೂ ಬಲ್ಲವರಿಗೆ ತಿಳಿಯದ ಸಂಗತಿಗಳಲ್ಲ. ೧೯೩೧ರ ಸೆಪ್ಟೆಂಬರ್‌ನಲ್ಲಿ ಒಂದು ಸಣ್ಣ ವಾಯುನೌಕೆ ಸುಮಾರು ಮೂರು ನಿಮಿಷಗಳ ಕಾಲ ಸ್ತಂಭಕ್ಕೆ ಅಂಟಿಕೊಂಡು ನಿಂತಿತು. ಪ್ರಯಾಣಿಕರಲ್ಲಿ ಒಬ್ಬರೂ ಎಂದೂ ಅಲ್ಲಿ ಇಳಿಯಲಿಲ್ಲ. ಉಪಯೋಗದ ನೆಪದಲ್ಲಿ ಸೇರಿಸಿದ ಆ ಸ್ತಂಭ ಉಪಯೋಗಕ್ಕೆ ಬಾರದೆ ಹೋಯಿತು. ಆದರೂ ಅದಿಲ್ಲದ ಸೌಧವನ್ನು ಇಂದು ಯಾರೂ ಊಹಿಸಲಾರರು. ಮೊಂಡಾಗಿ ನಿಲ್ಲುತ್ತಿದ್ದ ಗೋಪುರಕ್ಕೆ ಅದು ಸಹಜವಾದ ಮುಕ್ತಾಯವನ್ನು ಒದಗಿಸಿತು. ಕಟ್ಟುಪಾಡೇ ರೂಪದ ಏಕಮಾತ್ರ ಕಾರಣವೆಂದು ಸಾಧಿಸಹೊರಟವನಿಗೆ ಈ ಸ್ತಂಭ ಎದುರಾಗುವುದು ಅನಿವಾರ್ಯ. ಅದನ್ನು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ.

೭

೧೯೩೧ರ ಮೇ ೧ರಂದು, ಗೊತ್ತಾದ ದಿನವೇ, ಅಧ್ಯಕ್ಷ ಹೂವರ್ ವಾಷಿಂಗ್ಟನ್ನಿನಲ್ಲಿ ಗುಂಡಿಯೊಂದನ್ನು ಒತ್ತಿ ಸೌಧದ ದೀಪಗಳನ್ನು ಬೆಳಗಿಸಿದನು. ಚುನಾವಣೆಯಲ್ಲಿ ತನ್ನನ್ನು ಸೋಲಿಸಿದವನಿಂದಲೇ ಸ್ಮಿತ್ ಈ ಗೌರವವನ್ನು ಸ್ವೀಕರಿಸಬೇಕಾಯಿತು. ಕಾಕತಾಳೀಯವೆಂಬಂತೆ ಷಿಕಾಗೋ ನಗರದ ಹೋಮ್ ಇನ್ಷೂರೆನ್ಸ್ ಕಟ್ಟಡವನ್ನು ಕೆಡಹಿದುದೂ ಅದೇ ವರ್ಷ. ಕಟ್ಟಡದ ವೆಚ್ಚ, ನೆಲದ ಬೆಲೆಯೂ ಸೇರಿ, ಸುಮಾರು ೪ ಕೋಟಿ ೧೦ ಲಕ್ಷ ಡಾಲರ್. ಮೊದಲ ಅಂದಾಜಿಗಿಂತ ಕಡಮೆ. ಮುಗ್ಗಟ್ಟಿನ ದಿನಗಳಲ್ಲಿ ಕೂಲಿಯೂ ಸಾಮಗ್ರಿಯೂ ಅಗ್ಗವಾಗಿದ್ದುದೇ ಇದಕ್ಕೆ ಮುಖ್ಯ ಕಾರಣ. ಆದರೆ ಕಟ್ಟುವವನಿಗೆ ಲಾಭ ತಂದ ಮುಗ್ಗಟ್ಟೇ ಬಾಡಿಗೆಗೆ ಕೊಡುವವನಿಗೆ ಮುಳುವಾಯಿತು. ಆರಂಭದಲ್ಲಿ ಸುಮಾರು ಕಾಲುಭಾಗದ ಸ್ಥಳಕ್ಕೆ ಮಾತ್ರ ಬಾಡಿಗೆದಾರರು ದೊರೆತರು. ‘ಎಂಪೈರ್’ ಎಂಬುದನ್ನು ತಿರುಚಿ ‘ಎಂಪ್ಟಿ’, ಅಂದರೆ ಬರಿದು, ಎಂದು ಜನ ಪರಿಹಾಸ್ಯಮಾಡಿದರು. ೮೬ನೆಯ ಅಂತಸ್ತಿನ ವೀಕ್ಷಣಾಲಯಕ್ಕೆ ಹಣ ತೆತ್ತು ಏರಿದ ಪ್ರೇಕ್ಷಕರು ಸಂಸ್ಥೆಯನ್ನು ಬಹುಮಟ್ಟಿಗೆ ಕಾಪಾಡಿದರು. ಕಟ್ಟಡ ನಿಜವಾಗಿ ಲಾಭದಾಯಕವಾದುದು ೧೯೫೦ರ ಹೊತ್ತಿಗೆ. ೧೯೪೪ರಲ್ಲಿ ತೀರಿಕೊಂಡ ಸ್ಮಿತ್ ಅದನ್ನು ಕಾಣಲಿಲ್ಲ. ರಾಸ್ಕಾಬ್ ೧೯೫೦ರಲ್ಲಿ ನಿಧನನಾದನು; ಮರುವರ್ಷ ಸೌಧ ಪರರಿಗೆ ಮಾರಾಟವಾಯಿತು.

ಹಂದರದ ಬಲಕ್ಕೆ ಅನಿರೀಕ್ಷಿತವಾದ ಪರೀಕ್ಷೆಯೊಂದು ೧೯೪೫ರಲ್ಲಿ ಒದಗಿತು. ಜುಲೈ ೨೮ರ ಶನಿವಾರ ಬೆಳಿಗ್ಗೆ, ದಟ್ಟವಾದ ಮಂಜಿನಲ್ಲಿ ದಾರಿತಪ್ಪಿದ ಸೈನ್ಯದ ಬಿ-೨೫ ವಿಮಾನವೊಂದು ೭೯ನೆಯ ಅಂತಸ್ತಿನ ಬಳಿ ಉತ್ತರದ ಗೋಡೆಗೆ ಅಪ್ಪಳಿಸಿತು. ಹದಿನಾಲ್ವರು ಮಡಿದರು. ಗೋಡೆ ಒಡೆಯಿತು, ಬೆಂಕಿ ಹತ್ತಿತು. ಹಂದರ ಮಾತ್ರ ಕದಲಲಿಲ್ಲ. ಸೋಮವಾರ ಹಲವು ಅಂತಸ್ತುಗಳಲ್ಲಿ ಎಂದಿನಂತೆ ಕೆಲಸ ನಡೆಯಿತು.

೧೯೭೦ರಲ್ಲಿ ಅದೇ ನಗರದ ವಿಶ್ವ ವಾಣಿಜ್ಯ ಕೇಂದ್ರದ ಗೋಪುರ ಇದರ ಎತ್ತರವನ್ನು ಮೀರಿತು. ೨೦೦೧ರ ಸೆಪ್ಟೆಂಬರ್ ೧೧ರಂದು ಆ ಗೋಪುರಗಳು ನೆಲಕ್ಕುರುಳಿದ ಮೇಲೆ, ಎಂಪೈರ್ ಸ್ಟೇಟ್ ಸೌಧ ಯಾರೂ ಬಯಸದ ರೀತಿಯಲ್ಲಿ ಮತ್ತೆ ನಗರದ ಅತ್ಯುನ್ನತ ಕಟ್ಟಡವಾಗಿ, ೨೦೧೨ರವರೆಗೆ ಹಾಗೆಯೇ ಉಳಿಯಿತು. ೧೯೮೧ರಲ್ಲಿ ನಗರವೂ ೧೯೮೬ರಲ್ಲಿ ರಾಷ್ಟ್ರವೂ ಅದನ್ನು ಸಂರಕ್ಷಿತ ಸ್ಮಾರಕಗಳ ಸಾಲಿಗೆ ಸೇರಿಸಿದುವು. ೨೦೦೯ರಿಂದ ಕೈಗೊಂಡ ನವೀಕರಣದಲ್ಲಿ ೬,೫೧೪ ಕಿಟಕಿಗಳನ್ನು ಎಸೆಯದೆ, ಕಟ್ಟಡದೊಳಗೇ ಹೂಡಿದ ಕಾರ್ಯಾಗಾರದಲ್ಲಿ ಬಿಚ್ಚಿ, ಅದೇ ಗಾಜನ್ನು ಬಳಸಿ ಶಾಖವನ್ನು ತಡೆಯುವಂತೆ ಮತ್ತೆ ಜೋಡಿಸಲಾಯಿತು. ಹಗಲು ಬೆಳಕಿಗಾಗಿ ೧೯೨೯ರಲ್ಲಿ ವಿಧಿಸಿದ ನಿಯಮದಿಂದ ಹುಟ್ಟಿದ ಕಿಟಕಿಗಳು ಎಂಬತ್ತು ವರ್ಷಗಳ ತರುವಾಯ ಇಂಧನದ ಮಿತವ್ಯಯಕ್ಕೂ ನೆರವಾದವು.

೮

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಈ ಸೌಧದ ಆಕಾರದಲ್ಲಿ ಬಹುಪಾಲು, ನೆರೆಯವನ ಬಿಸಿಲನ್ನು ಕಾಯುವ ಶಾಸನ, ಬಾಡಿಗೆದಾರನ ಬೆಳಕನ್ನು ಕಾಯುವ ನಿಯಮ, ಸಾಲಗಾರನ ದಿನಗಳನ್ನು ಕಾಯುವ ಪಂಚಾಂಗ ಇವುಗಳಿಂದ ನಿರ್ಣಯವಾಯಿತು. ಇವನ್ನು ಅಡ್ಡಿಗಳೆಂದು ಬಗೆಯದೆ ರಚನೆಯ ಸೂತ್ರಗಳೆಂದು ಸ್ವೀಕರಿಸಿದುದರಲ್ಲಿ ಲ್ಯಾಮ್‌ನ ಪ್ರತಿಭೆಯಿದೆ. ಇದು ಮೊದಲನೆಯದು. ಲೆಕ್ಕ ಎಷ್ಟೇ ಸೂಕ್ಷ್ಮವಾಗಿದ್ದರೂ ಕಾಲದ ಗತಿಯನ್ನು ಅದು ಹಿಡಿಯಲಾರದೆಂಬುದು ಎರಡನೆಯದು. ನಿಶ್ಚಿತವೆಂದು ನಂಬಿದ್ದ ಬಾಡಿಗೆ ಇಪ್ಪತ್ತು ವರ್ಷ ಕೈಕೊಟ್ಟಿತು. ನಿಷ್ಪ್ರಯೋಜಕವಾದ ಸ್ತಂಭ ನಗರದ ಲಾಂಛನವಾಯಿತು.

ಕಟ್ಟಡಗಳನ್ನು ಇತಿಹಾಸದ ಆಕರವಾಗಿ ಅಭ್ಯಸಿಸುವ ವಿದ್ಯಾರ್ಥಿಗಳಿಗೆ ಇದರಿಂದ ದೊರೆಯುವ ಸೂಚನೆ ಸರಳವಾದುದು. ಯಾವುದೇ ಕಟ್ಟಡದ ಮುಂದೆ ನಿಂತಾಗ ಕಟ್ಟಿಸಿದವನಾರು, ಶೈಲಿ ಯಾವುದು ಎಂದು ಕೇಳುವುದರ ಜೊತೆಗೆ, ಅದರ ಮೇಲೆ ಯಾವ ನಿರ್ಬಂಧಗಳಿದ್ದುವು, ನೆಲ ಯಾರದು, ಹಣ ಎಲ್ಲಿಯದು, ಎಷ್ಟು ದಿನಗಳ ಅವಕಾಶವಿತ್ತು, ಯಾರ ಕೈಗಳು ದುಡಿದುವು ಎಂದೂ ಕೇಳಬೇಕು. ಕಲ್ಲು ಮತ್ತು ಉಕ್ಕು ಈ ಪ್ರಶ್ನೆಗಳಿಗೆ, ಶಾಸನಗಳಷ್ಟೇ ಸ್ಪಷ್ಟವಾಗಿ, ಉತ್ತರ ಹೇಳಬಲ್ಲವು.